ಕೊನೆಯ ತುತ್ತಿನ ಮೇಲಿನ ಆರೋಪ

ಮದುವೆ ಊಟ ಮುಗಿಸಿ ಬಂದ ರಾತ್ರಿ ಹೊಟ್ಟೆ ಕೆಟ್ಟರೆ ಮನೆಯಲ್ಲಿ ಮೊದಲು ನಡೆಯುವುದು ವಿಚಾರಣೆ. 'ಎಣ್ಣೆ ಸರಿಯಿರಲಿಲ್ಲ' ಎನ್ನುತ್ತಾರೆ ಒಬ್ಬರು. 'ಅಷ್ಟೆಲ್ಲ ತಿಂದ ಮೇಲೆ ಐಸ್‌ಕ್ರೀಂ ಬೇಡ ಅಂದಿದ್ದೆ' ಎನ್ನುತ್ತಾರೆ ಇನ್ನೊಬ್ಬರು. ಐದು ನಿಮಿಷದಲ್ಲಿ ತೀರ್ಪು ಸಿದ್ಧವಾಗಿರುತ್ತದೆ. ಅದು ಹೆಚ್ಚಾಗಿ ಬೀಳುವುದು ಕೊನೆಗೆ ತಿಂದ ಪದಾರ್ಥದ ಮೇಲೆ, ಇಲ್ಲವೇ ಅಂದು ಮೊದಲ ಬಾರಿಗೆ ತಿಂದದ್ದರ ಮೇಲೆ. ಆಮೇಲೆ ವರ್ಷಗಟ್ಟಲೆ 'ನನಗೆ ಅದು ಆಗಿಬರಲ್ಲ' ಎಂಬ ಮಾತು ನಿಲ್ಲುತ್ತದೆ. ಒಬ್ಬರಿಗೆ ಹಾಲು ಹೀಗೆ ದೂರವಾಗುತ್ತದೆ, ಇನ್ನೊಬ್ಬರಿಗೆ ಅಲಸಂದೆ, ಮತ್ತೊಬ್ಬರಿಗೆ ಚಪಾತಿ. ವಯಸ್ಸಾಗುತ್ತಾ ಹೋದಂತೆ ತಟ್ಟೆಯಲ್ಲಿ ಉಳಿಯುವುದು ಅನ್ನ, ತಿಳಿಸಾರು, ಒಂದಿಷ್ಟು ಮಜ್ಜಿಗೆ.

ಇಂಥ ತೀರ್ಪುಗಳಲ್ಲಿ ಹಲವು ತಪ್ಪು ಎಂಬುದು ನನ್ನ ವಾದ. ಹೊಟ್ಟೆ ಕೆಟ್ಟಾಗ ತಟ್ಟೆಗಿಂತ ಮೊದಲು ನೋಡಬೇಕಾದ್ದು ಗಡಿಯಾರವನ್ನು. ತಿಂದ ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಎಂಬುದು ಗೊತ್ತಾದರೆ ಅದು ಜೀರ್ಣಾಂಗದ ಯಾವ ಭಾಗದಲ್ಲಿ ಹುಟ್ಟಿತು ಎಂದು ಊಹಿಸಬಹುದು. ಜಾಗ ತಿಳಿದರೆ ಕಾರಣದ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಎಷ್ಟು ತಿಂದಿರಿ ಎಂಬುದು ಎರಡನೆಯ ಪ್ರಶ್ನೆ. ಏನು ತಿಂದಿರಿ ಎಂಬುದು ಅದಾದ ಮೇಲೆ.

ನಮ್ಮ ಮಿದುಳು ಇಷ್ಟು ಆತುರದಲ್ಲಿ ಆಹಾರವನ್ನೇ ದೂರುವುದಕ್ಕೆ ಕಾರಣವಿದೆ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನೌಕಾಪಡೆಯ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ವಿಕಿರಣದ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿದ ಇಲಿಗಳಿಗೆ ವಿಕಿರಣದಿಂದ ಹೊಟ್ಟೆ ತೊಳೆಸಿತು. ಆ ಸಂಕಟಕ್ಕೂ ಸಿಹಿನೀರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಇಲಿಗಳು ಮುಂದೆ ಸಿಹಿನೀರನ್ನು ಬಿಟ್ಟು ಬರಿನೀರಿನತ್ತ ಹೋದವು. ಗಾರ್ಸಿಯಾ ಮತ್ತು ಜೊತೆಗಾರರು ಇದನ್ನು 1955ರಲ್ಲಿ ಪ್ರಕಟಿಸಿದರು. ರುಚಿಗೂ ಸಂಕಟಕ್ಕೂ ನಡುವೆ ಗಂಟೆಗಳ ಅಂತರವಿದ್ದರೂ, ಒಂದೇ ಬಾರಿಯ ಅನುಭವವಾದರೂ ಮಿದುಳು ಈ ಗಂಟು ಹಾಕಿಬಿಡುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

ಮನುಷ್ಯರಲ್ಲೂ ಇದು ಹಾಗೆಯೇ. 1978ರಲ್ಲಿ ಇಲೀನ್ ಬರ್ನ್‌ಸ್ಟೀನ್ ಎಂಬ ವಿಜ್ಞಾನಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ವಾಂತಿ ತರಿಸುವ ಕಿಮೋಥೆರಪಿಗೆ ಮೊದಲು ಕೆಲವು ಮಕ್ಕಳಿಗೆ ಹೊಸ ರುಚಿಯ ಐಸ್‌ಕ್ರೀಂ ಕೊಡಲಾಗಿತ್ತು. ವಾರಗಳ ನಂತರ ಮತ್ತೆ ಕೊಟ್ಟಾಗ ಆ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಬೇಡವೆಂದರು. ವಾಂತಿ ಬಂದದ್ದು ಔಷಧಿಯಿಂದ ಎಂದು ತಿಳಿದಿದ್ದವರಲ್ಲೂ ಈ ಜಿಗುಪ್ಸೆ ಹುಟ್ಟುತ್ತದೆ. ತಿಳಿವಳಿಕೆ ಅದನ್ನು ತಡೆಯಲಾರದು. ಕಾಡಿನಲ್ಲಿ ಗೊತ್ತಿಲ್ಲದ ಹಣ್ಣು ತಿಂದು ಬದುಕಿ ಉಳಿದ ಪ್ರಾಣಿಗೆ ಈ ಗುಣ ಜೀವರಕ್ಷಕ. ಆಹಾರದ ತೊಂದರೆಯ ನಿಜವಾದ ಕಾರಣ ಹುಡುಕುವವರಿಗೆ ಮಾತ್ರ ಇದು ದಾರಿ ತಪ್ಪಿಸುತ್ತದೆ.

ಆಹಾರದ ಪ್ರಯಾಣದ ವೇಳಾಪಟ್ಟಿಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಗಟ್ಟಿ ಊಟ ಜಠರದಲ್ಲಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ, ಜಿಡ್ಡು ಹೆಚ್ಚಿದ್ದರೆ ಇನ್ನೂ ಹೊತ್ತು. ಸಣ್ಣ ಕರುಳನ್ನು ದಾಟಲು ಮತ್ತೆ ನಾಲ್ಕಾರು ಗಂಟೆ. ಉಳಿದದ್ದು ದೊಡ್ಡ ಕರುಳಿನಲ್ಲಿ ಒಂದು ದಿನ, ಎರಡು ದಿನ, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಕಳೆಯುತ್ತದೆ. ಊಟ ಮಾಡುತ್ತಿದ್ದಂತೆಯೇ ಶೌಚಕ್ಕೆ ಅವಸರವಾದರೆ ಹೊರಬರುವುದು ನಿನ್ನೆ ಮೊನ್ನೆಯ ಊಟ. ಜಠರ ತುಂಬಿದೊಡನೆ ದೊಡ್ಡ ಕರುಳು ಜಾಗ ಖಾಲಿ ಮಾಡಲು ಚುರುಕಾಗುವುದು ಸಹಜ ಪ್ರತಿಕ್ರಿಯೆ. ಬೆಳಗಿನ ಕಾಫಿಯ ಕಥೆಯೂ ಇದೇ ಬಗೆಯದು. ಕಾಫಿ ಕುಡಿದ ನಾಲ್ಕು ನಿಮಿಷದಲ್ಲೇ ಕೆಲವರ ದೊಡ್ಡ ಕರುಳಿನ ಕೊನೆಯ ಭಾಗದ ಚಲನೆ ಹೆಚ್ಚುತ್ತದೆ, ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೇ ಆಗುತ್ತದೆ ಎಂದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಷ್ಟು ಬೇಗ ಕಾಫಿಯಾಗಲಿ ಅದರಲ್ಲಿದ್ದ ಹಾಲಾಗಲಿ ಅಲ್ಲಿಗೆ ತಲುಪಿರುವುದಿಲ್ಲ. ಆ ಅವಸರಕ್ಕೆ ಹಾಲನ್ನು ದೂರುವುದು ಅನ್ಯಾಯ.

ತಿಂದ ನಿಮಿಷಗಳಲ್ಲೇ ಕಾಣುವ ತೊಂದರೆಗಳನ್ನು ಮೊದಲು ನೋಡೋಣ. ಸರಿಯಾಗಿ ಬೇಯಿಸದ ಕೆಸುವಿನ ಎಲೆ, ಸುವರ್ಣಗೆಡ್ಡೆ ತಿಂದಾಗ ನಾಲಗೆ ಗಂಟಲು ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಪತ್ರೊಡೆಗೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಈ ತುರಿಕೆಯನ್ನು ತಗ್ಗಿಸಲೆಂದೇ ಬಂದದ್ದು. ಶೇಂಗಾ, ಗೋಡಂಬಿ, ಸಿಗಡಿ, ಮೊಟ್ಟೆ ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರಾಟಕ್ಕೆ ತೊಡಕು ಕಂಡರೆ ಅದು ಅಲರ್ಜಿ. ದೇಹದ ರಕ್ಷಣಾ ವ್ಯವಸ್ಥೆ ಆಹಾರದ ಒಂದು ಪ್ರೋಟೀನನ್ನು ಶತ್ರುವೆಂದು ಗುರುತಿಸಿದ್ದರ ಫಲ ಅದು. ಅಲ್ಲಿ ಪ್ರಮಾಣದ ಪ್ರಶ್ನೆ ಕೇಳಬಾರದು, ಒಂದು ಚೂರೂ ಅಪಾಯ ತರಬಹುದು. ಉಸಿರು ಕಟ್ಟುವಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಲರ್ಜಿಯಂತೆಯೇ ಕಂಡರೂ ಅಲರ್ಜಿಯಲ್ಲದ ತೊಂದರೆಯೊಂದು ಕರಾವಳಿಯವರಿಗೆ ತಿಳಿದಿರಬೇಕು. ಬಂಗುಡೆ, ಭೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿರುತ್ತದೆ. ಹಿಡಿದ ಮೀನು ಹಿಮವಿಲ್ಲದೆ ಬಿಸಿಲಲ್ಲಿ ಕುಳಿತರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಲರ್ಜಿಯಲ್ಲಿ ನಮ್ಮ ದೇಹವೇ ಬಿಡುಗಡೆ ಮಾಡುವ ರಾಸಾಯನಿಕ ಇದು. ಹಾಗಾಗಿ ತಿಂದ ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ಭೇದಿಯಾಗುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಹೀಗಾದವರು 'ನನಗೆ ಬಂಗುಡೆ ಅಲರ್ಜಿ' ಎಂದು ಜೀವನಪೂರ್ತಿ ಮೀನು ಬಿಡುವುದುಂಟು. ತಪ್ಪು ಮೀನಿನ ಜಾತಿಯದ್ದಲ್ಲ, ದೋಣಿಯಿಂದ ಅಡುಗೆಮನೆಯವರೆಗೆ ಅದು ಹಿಮದಲ್ಲಿ ಇತ್ತೇ ಇಲ್ಲವೇ ಎಂಬುದರದ್ದು. ತಾಜಾ ಬಂಗುಡೆ ಅದೇ ವ್ಯಕ್ತಿಗೆ ಏನೂ ಮಾಡದೆ ಇರಬಹುದು. ಆದರೆ ಅಲರ್ಜಿ ಹೌದೋ ಅಲ್ಲವೋ ಎಂಬುದನ್ನು ವೈದ್ಯರ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಮನೆಯಲ್ಲಿ ತಿಂದು ನೋಡಬಾರದು.

ಒಂದು ಗಂಟೆಯಿಂದ ಆರು ಗಂಟೆಯೊಳಗೆ ಜೋರು ವಾಂತಿ ಶುರುವಾದರೆ ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷವನ್ನು ಅನುಮಾನಿಸಬೇಕು. ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯಲ್ಲಿ ಬೆಳೆದು ರೋಗ ತರುವುದಕ್ಕೆ ಅಷ್ಟು ಹೊತ್ತು ಸಾಲದು. ಕೈಗೆ ಗಾಯವಾದವರು ಕಟ್ಟಿದ ಖೋವಾದ ಉಂಡೆ ಹೊರಗೇ ಉಳಿದರೆ ಅದರಲ್ಲಿ ಸ್ಟ್ಯಾಫಿಲೊಕಾಕಸ್ ಬೆಳೆದು ವಿಷ ಬಿಡಬಹುದು. ಅನ್ನದ ವಿಷಯ ಇದಕ್ಕಿಂತ ಹತ್ತಿರದ್ದು. ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯ ಜೊತೆ ಬರುತ್ತವೆ, ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ರಾತ್ರಿಯಿಡೀ ಪಾತ್ರೆಯಲ್ಲಿ ಉಗುರುಬೆಚ್ಚಗೆ ಕುಳಿತರೆ ಅವು ಮೊಳೆತು ಸೆರ‍್ಯುಲೈಡ್ ಎಂಬ ವಿಷ ತಯಾರಿಸುತ್ತವೆ. ಬ್ಯಾಕ್ಟೀರಿಯಾ ಬಾಣಲೆಯ ಬಿಸಿಗೆ ಸತ್ತರೂ ಈ ವಿಷ ನಾಶವಾಗದು. ಬ್ರಿಟನ್ನಿನಲ್ಲಿ 1970ರ ದಶಕದ ಆರಂಭದಲ್ಲಿ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಕಂಡ ವಾಂತಿಯ ಪ್ರಕರಣಗಳಿಂದ ಇದು ಬೆಳಕಿಗೆ ಬಂತು. ಅಲ್ಲಿ ಅನ್ನವನ್ನು ರಾಶಿಯಾಗಿ ಬೇಯಿಸಿ ಹೊರಗಿಟ್ಟು, ಬೇಡಿಕೆ ಬಂದಾಗ ಹುರಿಯುತ್ತಿದ್ದರು. ನಮ್ಮ ಮನೆಗಳ ಬೆಳಗಿನ ಚಿತ್ರಾನ್ನವೂ ಇದೇ ದಾರಿಯಲ್ಲಿ ಬರುತ್ತದೆ. ಚಿತ್ರಾನ್ನ ತಿಂದು ವಾಂತಿಯಾದರೆ ಜನ ದೂರುವುದು ಶೇಂಗಾವನ್ನು, ಎಣ್ಣೆಯನ್ನು, ಹಸಿಮೆಣಸಿನಕಾಯಿಯನ್ನು. ಉಳಿದ ಅನ್ನವನ್ನು ಅಗಲವಾಗಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿದರೆ ಈ ಭಯವಿಲ್ಲ.

ಇನ್ನೊಂದು ತುದಿಯಲ್ಲಿ ನಿಧಾನದ ಸೋಂಕುಗಳಿವೆ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ 12ರಿಂದ 36 ಗಂಟೆ ತೆಗೆದುಕೊಳ್ಳುತ್ತದೆ. ಸರಿಯಾಗಿ ಬೇಯದ ಕೋಳಿಮಾಂಸದಿಂದ ಬರುವ ಕ್ಯಾಂಪಿಲೊಬ್ಯಾಕ್ಟರ್ ಎರಡರಿಂದ ಐದು ದಿನ. ಗುರುವಾರ ಜ್ವರ ಭೇದಿ ಬಂದವರು ಬುಧವಾರ ರಾತ್ರಿಯ ಪಾನಿಪುರಿಯನ್ನು ದೂರುತ್ತಾರೆ. ಕಾರಣ ಸೋಮವಾರದ ಊಟದಲ್ಲಿರಬಹುದು.

ಇವೆಲ್ಲ ಎಂದಾದರೊಮ್ಮೆ ಬರುವ ಆಪತ್ತುಗಳು. ಪ್ರತಿಸಲವೂ ಒಂದೇ ಆಹಾರ ತಿಂದಾಗ ಮರುಕಳಿಸುವ ಹೊಟ್ಟೆಯುಬ್ಬರ, ಗುಡುಗುಡು, ನುಲಿತ, ತೆಳ್ಳನೆ ಭೇದಿಯ ಹಿಂದೆ ಬೇರೆ ಕಥೆ ಇದೆ. ಅದರ ಮೊದಲ ಪಾತ್ರ ಹಾಲು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಎರಡು ಸಣ್ಣ ಸಕ್ಕರೆಗಳ ಜೋಡಿ. ಜೋಡಿಯಾಗಿಯೇ ಅದು ರಕ್ತಕ್ಕೆ ಸೇರಲಾರದು. ಸಣ್ಣ ಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಕಿಣ್ವ ಅದನ್ನು ಬಿಡಿಸಬೇಕು. ಎಳೆಗೂಸಿನಲ್ಲಿ ಈ ಕಿಣ್ವ ಧಾರಾಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. ಹಸು, ಬೆಕ್ಕು, ಆನೆ ಎಲ್ಲ ಸಸ್ತನಿಗಳಲ್ಲೂ ಹೀಗೆಯೇ, ಜಗತ್ತಿನ ಸುಮಾರು ಮೂರನೇ ಎರಡು ಭಾಗ ವಯಸ್ಕ ಮನುಷ್ಯರಲ್ಲೂ ಹೀಗೆಯೇ. ಅಂದರೆ ಹಾಲು ಅರಗದಿರುವುದು ರೋಗವಲ್ಲ, ಸಸ್ತನಿಯ ಸಹಜ ಸ್ಥಿತಿ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವವರಲ್ಲಿ ಒಂದು ವಂಶವಾಹಿ ಬದಲಾವಣೆ ಆಗಿದೆ. ಫಿನ್ಲೆಂಡಿನ ವಿಜ್ಞಾನಿಗಳು 2002ರಲ್ಲಿ ಅದನ್ನು ಪತ್ತೆ ಮಾಡಿದರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರೂ ಸೇರಿದ್ದ ತಂಡವೊಂದು ಭಾರತದ ಹಲವು ಸಮುದಾಯಗಳ ಮಾದರಿಗಳನ್ನು ಪರೀಕ್ಷಿಸಿ 2011ರಲ್ಲಿ ಕುತೂಹಲದ ಸಂಗತಿ ಹೇಳಿತು: ಯುರೋಪಿನವರಲ್ಲಿರುವ ಬದಲಾವಣೆಯೇ ನಮ್ಮಲ್ಲೂ ಇದೆ, ವಾಯವ್ಯದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವಕ್ಕೆ ಬಂದಂತೆ ಕಡಿಮೆ. ಪಂಜಾಬಿನವರು ದೊಡ್ಡ ಲೋಟದಲ್ಲಿ ಹಾಲು ಕುಡಿದು ನೆಮ್ಮದಿಯಾಗಿರುವುದಕ್ಕೂ ದಕ್ಷಿಣದ ನಾವು ಹೆಚ್ಚಾಗಿ ಮೊಸರು ಮಜ್ಜಿಗೆಯ ಜನರಾಗಿರುವುದಕ್ಕೂ ಇದರೊಂದಿಗೆ ಸಂಬಂಧ ಇರಬಹುದೆಂದು ನನಗೆ ತೋರುತ್ತದೆ.

ಕಿಣ್ವ ಸಾಲದಿದ್ದಾಗ ಲ್ಯಾಕ್ಟೋಸ್ ಸಣ್ಣ ಕರುಳಿನಲ್ಲಿ ನೀರನ್ನು ತನ್ನತ್ತ ಸೆಳೆದುಕೊಂಡು ಮುಂದೆ ಸಾಗುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲ ಬಿಡುತ್ತವೆ. ನೀರಿನಿಂದ ಭೇದಿ, ಅನಿಲದಿಂದ ಉಬ್ಬರ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಅದು ರಕ್ತ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಅಮೆರಿಕದ ವೈದ್ಯ ಮೈಕೆಲ್ ಲೆವಿಟ್ 1969ರಲ್ಲಿ ಇದನ್ನು ಅಳೆದು ತೋರಿಸಿದರು. ಇಂದು ಹಾಲು ಅರಗುತ್ತದೆಯೇ ಎಂದು ತಿಳಿಯಲು ಲ್ಯಾಕ್ಟೋಸ್ ಕುಡಿಸಿ ಉಸಿರಿನ ಹೈಡ್ರೋಜನ್ ಅಳೆಯುವ ಪರೀಕ್ಷೆಗೆ ಬುನಾದಿ ಅದೇ.

ಆದರೆ ಕಿಣ್ವ ಕಡಿಮೆಯಿರುವುದು ಬೇರೆ, ಹಾಲು ಕುಡಿದರೆ ತೊಂದರೆಯಾಗುವುದು ಬೇರೆ. ಇಲ್ಲಿ ಪ್ರಮಾಣದ ಪ್ರಶ್ನೆ ಬರುತ್ತದೆ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಕಿಣ್ವ ಕಡಿಮೆಯಿರುವವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ ಸುಮಾರು 12 ಗ್ರಾಂವರೆಗೆ, ಅಂದರೆ ಒಂದು ದೊಡ್ಡ ಲೋಟದಷ್ಟನ್ನು, ಹೇಳಿಕೊಳ್ಳುವಂಥ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಊಟದ ಜೊತೆ ಕುಡಿದರೆ ಇನ್ನೂ ಸುಲಭ. 1995ರಲ್ಲಿ ಲೆವಿಟ್ ಮತ್ತು ಸಂಗಡಿಗರು ಒಂದು ಸುಂದರವಾದ ಪರೀಕ್ಷೆ ಮಾಡಿದರು. ತಮಗೆ ಹಾಲು ಸ್ವಲ್ಪವೂ ಆಗದೆಂದು ನಂಬಿದ್ದ 30 ಜನರಿಗೆ ಒಂದು ವಾರ ಸಾಮಾನ್ಯ ಹಾಲು, ಇನ್ನೊಂದು ವಾರ ಲ್ಯಾಕ್ಟೋಸ್ ಒಡೆದ ಹಾಲು ಕೊಟ್ಟರು, ದಿನಕ್ಕೆ 240 ಮಿಲಿಲೀಟರ್, ತಿಂಡಿಯ ಜೊತೆ. ಯಾವುದು ಯಾವುದೆಂದು ರುಚಿಯಿಂದ ಗೊತ್ತಾಗದಂತೆ ನೋಡಿಕೊಂಡಿದ್ದರು. ಎರಡು ವಾರಗಳ ತೊಂದರೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, 30 ಜನರಲ್ಲಿ ಒಂಬತ್ತು ಮಂದಿಗೆ ಲ್ಯಾಕ್ಟೋಸ್ ಚೆನ್ನಾಗಿಯೇ ಅರಗುತ್ತಿತ್ತು. ಅವರ ಹೊಟ್ಟೆಯ ತೊಂದರೆ ಸುಳ್ಳಲ್ಲ. ಅದರ ಕಾರಣ ಬೇರೆಲ್ಲೋ ಇತ್ತು, ಹಾಲನ್ನು ದೂರಿ ಕುಳಿತಿದ್ದರಿಂದ ಅದನ್ನು ಯಾರೂ ಹುಡುಕಿರಲಿಲ್ಲ.

ಒಂದು ಲೋಟ ಫಿಲ್ಟರ್ ಕಾಫಿಯ ಹಾಲಿನಲ್ಲಿ ಮೂರು ನಾಲ್ಕು ಗ್ರಾಂ ಲ್ಯಾಕ್ಟೋಸ್ ಇದ್ದೀತು. ಮೊಸರಿನ ಬ್ಯಾಕ್ಟೀರಿಯಾಗಳು ಒಂದಷ್ಟು ಲ್ಯಾಕ್ಟೋಸನ್ನು ಮೊದಲೇ ಮುಗಿಸಿರುತ್ತವೆ, ತಮ್ಮ ಕಿಣ್ವವನ್ನು ನಮ್ಮ ಕರುಳಿಗೂ ಹೊತ್ತು ತರುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಹೆಸರಿಗೂ ಇಲ್ಲವೆನ್ನಬಹುದು. ಖೋವಾ ಮಾತ್ರ ಬೇರೆ. ನೂರು ಗ್ರಾಂ ಖೋವಾಗೆ ಸುಮಾರು ಅರ್ಧ ಲೀಟರ್ ಹಾಲು ಇಂಗುತ್ತದೆ, ಅದರ ಲ್ಯಾಕ್ಟೋಸೆಲ್ಲ ಅಲ್ಲೇ ಉಳಿಯುತ್ತದೆ. ಹಾಲು ಬಿಟ್ಟವರು ಪೇಡ, ಕುಂದಾವನ್ನು ನಿಶ್ಚಿಂತೆಯಿಂದ ತಿನ್ನುವುದನ್ನೂ, ಅದೇ ಜನ ತುಪ್ಪಕ್ಕೆ ಹೆದರುವುದನ್ನೂ ನಾನು ಕಂಡಿದ್ದೇನೆ. ಇನ್ನೊಂದು ಮಾತು ತಾಯಂದಿರಿಗೆ: ಜೋರು ಭೇದಿಯಾದ ಮೇಲೆ ಕರುಳಿನ ಗೋಡೆ ಸವೆದು ಕೆಲವು ವಾರ ಮಕ್ಕಳಿಗೆ ಹಾಲು ಅರಗದೇ ಇರಬಹುದು. ಗೋಡೆ ಮತ್ತೆ ಬೆಳೆಯುತ್ತದೆ. ಆ ಕಾರಣಕ್ಕೆ ಎದೆಹಾಲು ನಿಲ್ಲಿಸಬಾರದು.

ಕಾಳುಗಳ ಕಥೆ ಹಾಲಿನದ್ದೇ, ಇಲ್ಲಿ ಎಲ್ಲರೂ ಸಮಾನರು ಎಂಬುದಷ್ಟೇ ವ್ಯತ್ಯಾಸ. ಅವರೆ, ಅಲಸಂದೆ, ಕಡಲೆ, ಹುರುಳಿ, ಉದ್ದು ಎಲ್ಲದರಲ್ಲೂ ರ‍್ಯಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಉದ್ದ ಸಕ್ಕರೆಗಳಿವೆ. ಅವನ್ನು ಬಿಡಿಸುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಕಿಣ್ವ ಯಾವ ಮನುಷ್ಯನ ಸಣ್ಣ ಕರುಳಿನಲ್ಲೂ ಇಲ್ಲ. ಹೀಗಾಗಿ ಅವು ನೇರವಾಗಿ ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾಗಳ ಊಟವಾಗುತ್ತವೆ. ಮಧ್ಯಾಹ್ನ ತಿಂದ ಅವರೆಕಾಳಿನ ಉಬ್ಬರ ಸಂಜೆಯೋ ರಾತ್ರಿಯೋ ಕಾಣುವುದು ಈ ಪ್ರಯಾಣದ ದೂರದಿಂದ. ಆ ಹೊತ್ತಿಗೆ ಇನ್ನೇನೋ ತಿಂದಿರುತ್ತೀರಿ, ಅಪವಾದ ಅದಕ್ಕೆ ಬರುತ್ತದೆ.

ಈ ಅನಿಲ ಎಷ್ಟು? ಇಂಗ್ಲೆಂಡಿನ ಸಂಶೋಧಕರು 1991ರಲ್ಲಿ ಹತ್ತು ಆರೋಗ್ಯವಂತರಿಗೆ ದಿನದ ಊಟದ ಜೊತೆ 200 ಗ್ರಾಂ ಬೇಯಿಸಿದ ಬೀನ್ಸ್ ಕೊಟ್ಟು ಅಳೆದರು. ಒಂದು ದಿನದಲ್ಲಿ ಹೊರಬಂದ ವಾಯು 476ರಿಂದ 1491 ಮಿಲಿಲೀಟರ್. ಎಲ್ಲರೂ ಆರೋಗ್ಯವಂತರೇ, ವ್ಯತ್ಯಾಸ ಮೂರು ಪಟ್ಟು. ವಾಯು ಹೋಗುವುದನ್ನು ರೋಗವೆಂದು ನಾಚುವವರು ಈ ಅಂಕಿಗಳನ್ನು ನೆನಪಿಡಬೇಕು. ಇದೇ ಉದ್ದ ಸಕ್ಕರೆಗಳು ಕರುಳಿಗೆ ಹಿತವಾದ ಬೈಫಿಡೊಬ್ಯಾಕ್ಟೀರಿಯಾಗಳನ್ನು ಸಾಕುತ್ತವೆ. ಅವನ್ನು ಬೇರುಸಹಿತ ತೆಗೆದುಹಾಕುವುದು ಜಾಣತನವಲ್ಲ, ಕಡಿಮೆ ಮಾಡಿಕೊಳ್ಳಬಹುದು ಅಷ್ಟೆ. ನೆನೆಹಾಕಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಸಕ್ಕರೆಯ ಒಂದು ಪಾಲು ನೀರಿನೊಂದಿಗೇ ಹೋಗುತ್ತದೆ. ಮೊಳಕೆ ಬರಿಸಿದರೆ ಬೀಜವೇ ತನ್ನ ಬೆಳವಣಿಗೆಗೆ ಈ ಸಕ್ಕರೆಗಳನ್ನು ಖರ್ಚು ಮಾಡುತ್ತದೆ. ಮೊಳಕೆ ಹುರುಳಿಯ ಬಸ್ಸಾರು ಹೊಟ್ಟೆಗೆ ಹಗುರ ಎನ್ನುವ ಅಜ್ಜಿಯರ ಮಾತಿಗೆ ಗಟ್ಟಿ ಆಧಾರವಿದೆ. ಇಡ್ಲಿ ಹಿಟ್ಟಿನ ಹುದುಗುವಿಕೆಯೂ ಉದ್ದಿನ ಸಕ್ಕರೆಗಳನ್ನು ತಗ್ಗಿಸುತ್ತದೆ. ರಾಜ್ಮಾಕ್ಕೆ ಮಾತ್ರ ಪ್ರತ್ಯೇಕ ಎಚ್ಚರಿಕೆ ಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ಅರೆಬೆಂದರೆ ಒಂದರಿಂದ ಮೂರು ಗಂಟೆಯಲ್ಲಿ ವಾಂತಿ ಭೇದಿ ತರುತ್ತದೆ. ನೆನೆಸಿ, ನೀರು ಬಸಿದು, ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಬೇಕು. ಪ್ರೆಷರ್ ಕುಕ್ಕರ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಕುದಿ ಬಾರದ ನಿಧಾನ ಉರಿಯಲ್ಲಿ ಬೇಯಿಸುವ ಪಾತ್ರೆ ಇದಕ್ಕೆ ತಕ್ಕದ್ದಲ್ಲ.

ಹಾಲು, ಕಾಳುಗಳ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್, ಮಾವಿನಲ್ಲಿ ಹೆಚ್ಚಿರುವ ಫ್ರಕ್ಟೋಸ್, ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಸಾರ್ಬಿಟಾಲ್ ಎಲ್ಲವೂ ಒಂದೇ ಕುಟುಂಬದವು: ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳದೆ ಉಳಿದು, ನೀರು ಸೆಳೆದು, ದೊಡ್ಡ ಕರುಳಿನಲ್ಲಿ ಹುದುಗುವ ಸಕ್ಕರೆಗಳು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ ಫಾಡ್‌ಮ್ಯಾಪ್ ಎಂದು ಹೆಸರಿಟ್ಟರು. ಈ ಕಲ್ಪನೆ ಹೊಟ್ಟೆ ನೋವಿನ ಚಿಕಿತ್ಸೆಯನ್ನೇ ಬದಲಿಸಿತು. ಒಂದೊಂದು ಆಹಾರ ಚಿಕ್ಕ ಪ್ರಮಾಣದಲ್ಲಿ ಏನೂ ಮಾಡದಿದ್ದರೂ ಹಲವು ಒಟ್ಟಿಗೆ ಬಂದಾಗ ತೊಂದರೆ ಕೊಡಬಹುದು ಎಂಬುದನ್ನು ಇದು ವಿವರಿಸುತ್ತದೆ. ಹಬ್ಬದ ಊಟವನ್ನೇ ನೋಡಿ: ಈರುಳ್ಳಿ ಪಲ್ಯ, ಕಾಳಿನ ಹುಳಿ, ಹೋಳಿಗೆ, ಪಾಯಸ, ಮಾವಿನ ಶೀಕರಣೆ. ಅವುಗಳಲ್ಲಿ ಯಾವುದೋ ಒಂದನ್ನು ಅಪರಾಧಿ ಎನ್ನಲು ಬರುವುದಿಲ್ಲ, ಕೂಡಿದ ಮೊತ್ತವೇ ಕಾರಣ.

ಅದೇ ಊಟ ಮಾಡಿದ ಪಕ್ಕದವರಿಗೆ ಏನೂ ಆಗಲಿಲ್ಲವಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ನಾಟಿಂಗ್‌ಹ್ಯಾಮಿನ ಸಂಶೋಧಕರು ಎಂಆರ್‌ಐ ಬಳಸಿ ಆರೋಗ್ಯವಂತರ ಮತ್ತು ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆ ಇರುವವರ ಕರುಳನ್ನು ಹೋಲಿಸಿದರು. ಹುದುಗುವ ಸಕ್ಕರೆ ಕುಡಿದಾಗ ಎರಡೂ ಗುಂಪಿನವರ ಕರುಳಿನಲ್ಲಿ ತುಂಬಿದ ಅನಿಲ ಹೆಚ್ಚುಕಡಿಮೆ ಒಂದೇ. ನೋವು ಮಾತ್ರ ಎರಡನೆಯ ಗುಂಪಿನಲ್ಲಿ ಹೆಚ್ಚು. ಇವರ ಕರುಳಿನ ನರಗಳು ಸಾಮಾನ್ಯ ಹಿಗ್ಗುವಿಕೆಯನ್ನೂ ನೋವೆಂದು ತಿಳಿಸುತ್ತವೆ. ಸ್ಕ್ಯಾನಿನಲ್ಲಿ, ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲವೆಂದು 'ಎಲ್ಲ ನಿಮ್ಮ ಮನಸ್ಸಿನ ಭ್ರಮೆ' ಎಂದು ಕಳುಹಿಸುವುದು ಈ ರೋಗಿಗಳಿಗೆ ಮಾಡುವ ದೊಡ್ಡ ಅನ್ಯಾಯ. ನೋವು ನಿಜವಾದದ್ದು, ಅದಕ್ಕೆ ಚಿಕಿತ್ಸೆಯೂ ಇದೆ.

ಗೋಧಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾತ್ರಿ ಮುದ್ದೆ ಅನ್ನ ಬಿಟ್ಟು ಚಪಾತಿಗೆ ಹೊರಳಿದ ಮನೆಗಳು ನಮ್ಮಲ್ಲಿ ಹೆಚ್ಚಿವೆ, ಜೊತೆಗೆ ಗೋಧಿಯ ಪ್ರೋಟೀನಾದ 'ಗ್ಲುಟೆನ್' ಎಂಬುದರ ಮಾತೂ ಬಂದಿದೆ.

ಸೀಲಿಯಾಕ್ ರೋಗ ಎಂಬುದು ನಿಜವಾದ, ಗಂಭೀರವಾದ ಕಾಯಿಲೆ. ಅದರ ಕಾರಣಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು ಹಸಿವಿನ ಕಾಲದಲ್ಲಿ. ನೆದರ್‌ಲ್ಯಾಂಡ್ಸಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಆ ದೇಶದ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ಬಂತು. ಬ್ರೆಡ್ ಸಿಗದಾಯಿತು, ಜನ ಟ್ಯುಲಿಪ್ ಗೆಡ್ಡೆ ತಿಂದರು. ಉಳಿದ ಮಕ್ಕಳು ಸೊರಗುತ್ತಿದ್ದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳ ಹೊಟ್ಟೆ ಸುಧಾರಿಸಿತು. ಬ್ರೆಡ್ ಮರಳಿ ಬಂದಾಗ ರೋಗವೂ ಮರಳಿತು. ಡಿಕೆ ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ಪರೀಕ್ಷಿಸಿ 1950ರಲ್ಲಿ ತಮ್ಮ ಪ್ರಬಂಧ ಮಂಡಿಸಿದರು. ಇಂದು ನಮಗೆ ತಿಳಿದಿರುವಂತೆ, ಕೆಲವು ವಂಶವಾಹಿಗಳಿರುವವರಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ದೇಹದ ರಕ್ಷಣಾ ವ್ಯವಸ್ಥೆಯನ್ನು ತನ್ನದೇ ಕರುಳಿನ ಗೋಡೆಯ ಮೇಲೆ ಎತ್ತಿಕಟ್ಟುತ್ತದೆ. ತೂಕ ಇಳಿಯುತ್ತದೆ, ರಕ್ತಹೀನತೆ ಬರುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವರಲ್ಲಿ ಭೇದಿ ಇರುವುದೇ ಇಲ್ಲ. ಭಾರತದ ಮೂರು ಪ್ರದೇಶಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡವು. ಅಂದರೆ ನಮ್ಮ ಕಡೆ ಅಪರೂಪ, ಇಲ್ಲವೆಂದಲ್ಲ. ಈ ರೋಗವಿದ್ದವರು ಜವೆಗೋಧಿಯನ್ನೂ ಮುಟ್ಟುವಂತಿಲ್ಲ, ಅದರಲ್ಲೂ ಗ್ಲುಟೆನ್ ಇದೆ. ರಾಗಿ, ಜೋಳ, ಅಕ್ಕಿ, ನವಣೆಯಲ್ಲಿ ಇಲ್ಲ.

ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಉಬ್ಬರ ಎನ್ನುವವರಿದ್ದಾರೆ. ನಾರ್ವೆಯ ಓಸ್ಲೊದಲ್ಲಿ ಅಂಥ 59 ಜನರಿಗೆ ಮೂರು ಬಗೆಯ ತಿಂಡಿಯ ಬಾರ್‌ಗಳನ್ನು ಬೇರೆ ಬೇರೆ ವಾರಗಳಲ್ಲಿ ಕೊಟ್ಟು ನೋಡಿದರು: ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟಾರೆ ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಗ್ಲುಟೆನ್‌ಗೂ ಎರಡೂ ಇಲ್ಲದ ಬಾರ್‌ಗೂ ವ್ಯತ್ಯಾಸ ಕಾಣಲಿಲ್ಲ. ಫ್ರಕ್ಟಾನ್ ಈರುಳ್ಳಿಯಲ್ಲೂ ಇರುವುದರಿಂದ, ಚಪಾತಿ ಬಿಟ್ಟವರು ಅದರ ಜೊತೆಯ ಈರುಳ್ಳಿ ಗೊಜ್ಜನ್ನು ತಿನ್ನುತ್ತಲೇ ಇದ್ದರೆ ಪೂರ್ತಿ ಗುಣ ಕಾಣದಿರುವುದು ಸಹಜವೇ.

ಎಲ್ಲ ನೋವೂ ಕರುಳಿನದ್ದಲ್ಲ. ಕರಿದದ್ದು ತಿಂದ ಮೇಲೆ ಬಲಪಕ್ಕೆಲುಬಿನ ಕೆಳಗೆ ಗಂಟೆಗಟ್ಟಲೆ ಹಿಂಡುವ ನೋವು ಬಂದರೆ ಪಿತ್ತಕೋಶದ ಕಲ್ಲನ್ನು ನೋಡಿಸಬೇಕು. ಅದನ್ನು 'ಗ್ಯಾಸ್ಟ್ರಿಕ್' ಎಂದು ಮಾತ್ರೆ ನುಂಗುತ್ತಾ ವರ್ಷ ಕಳೆಯುವವರು ಬಹಳ. ಎದೆ ಮಧ್ಯದ ಒತ್ತುವ ನೋವು ಬೆವರಿನ ಜೊತೆ ಬಂದರೆ ಅದು ಹೃದಯದ್ದಿರಬಹುದು, ಸೋಡಾ ಕುಡಿದು ಕಾಯಬಾರದು.

ಈಚೆಗೆ ಒಂದು ಹನಿ ರಕ್ತದಿಂದ ನೂರಾರು ಆಹಾರಗಳ 'ಅಸಹಿಷ್ಣುತೆ' ಹೇಳುತ್ತೇವೆಂಬ ಐಜಿಜಿ ಪ್ರತಿಕಾಯದ ಪರೀಕ್ಷೆಗಳು ಮಾರಾಟವಾಗುತ್ತಿವೆ. ಆ ಪ್ರತಿಕಾಯ ತೋರಿಸುವುದು ನೀವು ಆ ಆಹಾರವನ್ನು ತಿಂದಿದ್ದೀರಿ ಎಂಬುದನ್ನಷ್ಟೇ. ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿವೆ. ಆ ಪಟ್ಟಿ ನೋಡಿ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು ಎಲ್ಲ ನಿಲ್ಲಿಸುವುದು ಅವರ ಬೆಳವಣಿಗೆಗೇ ಏಟು.

ಅನುಮಾನವಿದ್ದರೆ ಡಿಕೆ ಮಾಡಿದ್ದನ್ನೇ ಮಾಡಿ: ಒಂದು ಸಲಕ್ಕೆ ಒಂದೇ ಪದಾರ್ಥ ಎರಡು ಮೂರು ವಾರ ಬಿಡಿ, ಮತ್ತೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ. ತಿಂದ ಹೊತ್ತು, ತೊಂದರೆ ಶುರುವಾದ ಹೊತ್ತು ಎರಡನ್ನೂ ಬರೆದಿಡಿ. ತೊಂದರೆ ಮರಳದಿದ್ದರೆ ಆ ಆಹಾರ ನಿರಪರಾಧಿ, ನೆಮ್ಮದಿಯಿಂದ ತಿನ್ನಿ. ಅಲರ್ಜಿಯ ಅನುಮಾನವಿದ್ದಲ್ಲಿ ಈ ಪ್ರಯೋಗ ಬೇಡ. ಗೋಧಿಯ ವಿಷಯದಲ್ಲಿ ಮಾತ್ರ ಕ್ರಮ ತಿರುಗುಮುರುಗು: ಮೊದಲು ಸೀಲಿಯಾಕ್ ರಕ್ತಪರೀಕ್ಷೆ, ಆಮೇಲೆ ಬಿಡುವುದು. ಗೋಧಿ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿದು ಪರೀಕ್ಷೆ ಸುಳ್ಳು ಹೇಳುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇವುಗಳಲ್ಲಿ ಒಂದಿದ್ದರೂ ಯಾವ ಆಹಾರವನ್ನೂ ಬಿಟ್ಟು ಕಾಯುತ್ತಾ ಕೂರಬೇಡಿ, ಅದೇ ವಾರ ವೈದ್ಯರನ್ನು ಕಾಣಿ.